ತಿಕ್ಕಿಟ್ಟ ತಂಬಿಗೆ

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ವಾಸನೆ ಬಂದರೆ ನಿಮಗೆ ಹಬ್ಬ ನೆನಪಾದೀತು. ನನಗೆ ಮಾತ್ರ ಸ್ವಲ್ಪ ನಾಚಿಕೆಯಾಗುತ್ತದೆ. ಇವತ್ತು ಬೆಳಿಗ್ಗೆ ನಮ್ಮ ನಿಪ್ಪಾಣಿ ಮನೆಯ ಅಡುಗೆಕಟ್ಟೆಯ ಮೇಲೆ ಅಕ್ಕಾತಾಯಿ ಕಾಕುವಿನ ತಂಬಿಗೆ ಹೊಳೆಯುತ್ತಿತ್ತು. ಮರಳಿಸೋಣವೆಂದು ಕೈಗೆತ್ತಿಕೊಂಡೆ.

ನಾನು ಬೆಳೆದ ಭೋಜ ಊರಿನಲ್ಲಿ ಓಣಿಯ ಮದುವೆ ಪಾತ್ರೆಗಳೆಲ್ಲ, ನಾವೆಲ್ಲ ಕಾಕು ಅಂದರೆ ಚಿಕ್ಕಮ್ಮ ಎಂದು ಕರೆಯುವ ಇವರ ಮನೆಯಲ್ಲಿರುತ್ತಿದ್ದವು. ಒಯ್ದವರೇ ತಂದುಕೊಡಬೇಕು, ಅದೊಂದೇ ಕಾಯಿದೆ. ಅಕ್ಕನ ಮದುವೆಗೆ ತಂದ ದೊಡ್ಡ ಹಂಡೆಯನ್ನು ನಮ್ಮವ್ವ ಪಕ್ಕದ ಮನೆಯವರಿಗೂ ಒಂದು ದಿನ ಬಳಸಲು ಕೊಟ್ಟಿದ್ದಳು. ಅವರ ಅಂಗಳದಲ್ಲಿ ಅದು ಖಾಲಿ ನಿಂತದ್ದನ್ನು ಕಂಡ ನಾನು, ಆಗಷ್ಟೇ ಕಾಲೇಜು ಸೇರಿದ ಮಹಾ ಪ್ರಾಮಾಣಿಕ, ಹೊತ್ತೊಯ್ದು ಕಾಕುವಿಗೆ ಒಪ್ಪಿಸಿಬಿಟ್ಟೆ. ಕಾಕು ಅದನ್ನು ಮೂರನೆಯ ಮನೆಗೆ ಕೊಟ್ಟರು. ಇತ್ತ ಪಕ್ಕದವರು ಹುಗ್ಗಿಗೆ ಗೋಧಿ ಕುಟ್ಟಿಕೊಂಡು ಬಂದು ನೋಡಿದರೆ ಹಂಡೆಯೇ ಇಲ್ಲ.

“ತಂದ ಕೊಟ್ಟಿದ್ದು ಚಲೋ ಆತು ಬಾಳಾ,” ಎಂದರು ಕಾಕು; ಅವರಿಗೆ ಓಣಿಯ ಹುಡುಗರೆಲ್ಲ ‘ಬಾಳಾ’, ಮಗು. “ಖರೆ, ಯಾರರ ಬಳಸಾಕತ್ತಾರೇನ ಅಂತ ಮೊದಲ ಕೇಳಬೇಕಲ್ಲ?”

ಮುಂದೆ ನಾನು ಡೇರಿಗಳಲ್ಲಿ ಹಾಲು ಪರೀಕ್ಷಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವನಾದೆ, ಅದೂ ಸಿ ಭಾಷೆಯಲ್ಲಿ. ಅಲ್ಲಿ ಅಂಕಿಗಳನ್ನಿಡಲು ಯಂತ್ರದ ಮೆಮೊರಿಯಲ್ಲಿ ಜಾಗವನ್ನು ನಾವೇ ಕೇಳಿ ಪಡೆಯಬೇಕು, ನಾವೇ ಮರಳಿಸಬೇಕು. ಜಾವಾ ಎಂಬ ಭಾಷೆಯಲ್ಲಾದರೆ ಯಾರಿಗೂ ಬೇಡವಾದ ಜಾಗವನ್ನು ಭಾಷೆಯೇ ಹುಡುಕಿ ಎತ್ತಿಡುತ್ತದೆ. ಅದು ಸೋಮಾರಿಗಳಿಗೆ ಎನ್ನುತ್ತಿದ್ದೆ. ಜಂಬ, ಮತ್ತೇನು.

ಹೋದ ತಿಂಗಳು ಭೋಜದ ಡೇರಿಯಲ್ಲಿ ನನ್ನ ಯಂತ್ರ ಕಾಕುವಿನ ಹಾಲಿನಲ್ಲಿ ನೀರಿದೆ ಎಂದು ತೋರಿಸಿತು. ಮೂರು ದಿನ ಹಾಗೇ. ಓಣಿಯೆಲ್ಲ ನಂಬಿದ್ದ ಹೆಂಗಸು ಜನರೆದುರು ತಲೆ ತಗ್ಗಿಸಿ ನಿಂತಿದ್ದರಂತೆ. ಸುದ್ದಿ ಕೇಳಿದ್ದೇ ಪ್ರೋಗ್ರಾಂ ಬಿಚ್ಚಿಕೊಂಡು ಕೂತೆ. ಹುಡುಕಿದರೆ ತಪ್ಪು ಹಳೆಯದೇ. ಕಾಕು ಹಾಲು ಹಾಕುವ ಸಾಲಿನಲ್ಲಿ ಕೊನೆಯವರು, ಅವರಾದೊಡನೆ ಯಂತ್ರ ತೊಳೆಯುತ್ತಾರೆ. ಅವರ ಹಾಲಿನ ಅಂಕಿ ತೋರಿಸುವ ಮೊದಲೇ ನನ್ನ ಪ್ರೋಗ್ರಾಂ ಆ ಜಾಗ ಬಿಟ್ಟುಕೊಟ್ಟಿತ್ತು, ಯಂತ್ರ ತೊಳೆಯುವ ನೀರಿನ ಅಂಕಿ ಅಲ್ಲಿ ಬಂದು ಕೂತಿತ್ತು.

ಮರುದಿನ ಸಾಲಿನೆದುರು ನಿಂತು ಹೇಳಿದೆ: “ಕಾಕು ಹಾಲಾಗ ನೀರ ಇಲ್ರಿ. ತಪ್ಪ ನಂದ. ಆ ಹಂಡೆ ಗತೆ, ಬಳಸಾಕತ್ತಿದ್ದ ಜಾಗಾ ಕೇಳದ ಬಿಟ್ಟಕೊಟ್ಟಿದ್ದೆ.”

ಕಾಕು ತಂಬಿಗೆ ತುಂಬ ಹಾಲು ಹಾಕಿ ನನ್ನ ಕೈಗಿಟ್ಟರು. “ಇನ್ನೂ ಕೇಳೂದ ಕಲತಿಲ್ಲೇನ ಬಾಳಾ?”

ಈಗ ಅದನ್ನೆಲ್ಲ ರಸ್ಟ್ ಎಂಬ ಭಾಷೆಯಲ್ಲಿ ಮತ್ತೆ ಬರೆಯುತ್ತಿದ್ದೇನೆ. ಬಳಕೆಯಲ್ಲಿರುವ ಜಾಗವನ್ನು ಬಿಟ್ಟುಕೊಡಹೋದರೆ ಅದು ಪ್ರೋಗ್ರಾಮನ್ನೇ ಒಪ್ಪುವುದಿಲ್ಲ. ಬಾಗಿಲಲ್ಲಿ ಕಾಕುವೇ ಕೂತಂತೆ.

ತಂಬಿಗೆಯೊಳಗೆ ಇಣುಕಿದೆ. ಖಾಲಿಯೇ ಇತ್ತು. ಆದರೂ ಕೂಗಿದೆ: “ಇದನ್ನ ಯಾರರ ಬಳಸಾಕತ್ತೀರೇನು?”

“ಹೌದ್ರಿ, ಪೂಜಿಗಂತ ತಿಕ್ಕಿ ಇಟ್ಟೇನಿ,” ಎಂದಳು ಹೆಂಡತಿ ಒಳಗಿಂದ.

ಇದ್ದಲ್ಲೇ ಇಟ್ಟೆ.