ಬೋರಲು ಹಾಕಿದ ತಟ್ಟೆ

ಕಾಫಿ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವವನು ನಾನು. ಅಂಥವನಿಗೆ ಡಾಕ್ಟರು "ದಿನಾ ಒಂದು ಗಂಟೆ ಕೆರೆ ಸುತ್ತಿ" ಅಂದರೆ ಹೇಗಾಗಬೇಡ?

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನೂ ಅಮ್ಮನೂ ಮರ್ಫಿ ಟೌನಿನ ಬಾಡಿಗೆ ಮನೆಯಲ್ಲಿದ್ದೆವು. ರಕ್ತದಲ್ಲಿ ಸಕ್ಕರೆ ಗಡಿ ಮುಟ್ಟಿದೆ, ತೂಕ ಇಳಿಸದಿದ್ದರೆ ಸಕ್ಕರೆ ಕಾಯಿಲೆ ಗ್ಯಾರಂಟಿ ಎಂದು ಹಲಸೂರಿನ ಡಾಕ್ಟರು ಹೇಳಿದ್ದರು. ಆ ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ಅಪ್ಪನ ಬಲಗಾಲನ್ನು ಅದೇ ತಿಂದಿತ್ತು. ಮೊದಲು ಹೆಬ್ಬೆರಳು, ಆಮೇಲೆ ಪಾದ, ಕೊನೆಗೆ ಅಪ್ಪನನ್ನೇ. ಆ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ಅಮ್ಮ. ನನಗೆ ಭಯವಾಗಿತ್ತು. ಸಾಕ್ಸು ಹಾಕಿಕೊಳ್ಳುವಾಗೆಲ್ಲ ಹೆಬ್ಬೆರಳು ಒತ್ತಿ ನೋಡಿಕೊಳ್ಳುತ್ತಿದ್ದೆ.

ಹಲಸೂರು ಕೆರೆ ಸುತ್ತತೊಡಗಿದೆ. ಒಂದೇ ವಾರಕ್ಕೆ ತಲೆ ಕೆಟ್ಟುಹೋಯಿತು. ಮಫ್ಲರ್ ಸುತ್ತಿಕೊಂಡ ಹಿರಿಯರ ಸಾಲು ದಾರಿ ಬಿಡುತ್ತಿರಲಿಲ್ಲ, ತೂಕದ ಮುಳ್ಳು ಅಲ್ಲಾಡುತ್ತಿರಲಿಲ್ಲ. ಆಫೀಸಿನ ಗೆಳೆಯ ನಕ್ಕುಬಿಟ್ಟ.

"ಮಗಾ, ವಾಕಿಂಗ್ ಎಲ್ಲ ರಿಟೈರ್ ಆದೋರಿಗೆ. ಇಂದಿರಾನಗರದಲ್ಲಿ ನಮ್ ಜಿಮ್‌ಗೆ ಬಾ. ಒಂದ್ ನಿಮಿಷ ಜೀವ ಹೋಗೋ ಹಾಗೆ ಓಡು, ಎರಡ್ ನಿಮಿಷ ನಿಧಾನಕ್ಕೆ ನಡಿ, ಮತ್ತೆ ಓಡು. ಇಪ್ಪತ್ ನಿಮಿಷದಲ್ಲಿ ಕೆಲ್ಸ ಮುಗೀತು ಗುರು!"

ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಓಡಿದೆ, ಬೆವರು ಕಿತ್ತುಕೊಂಡು ಬಂತು. ಹೊರಗೆ ಬಂದರೆ ಅಯ್ಯಪ್ಪಾ, ಎಂಥ ಹಸಿವು! ಜಿಮ್ಮಿನ ಕೆಳಗೇ ದರ್ಶಿನಿ. ಓಡಿದ್ದೇನಲ್ಲ ಎಂಬ ಧೈರ್ಯದಲ್ಲಿ ಮಸಾಲೆ ದೋಸೆ ಬಾರಿಸುತ್ತಿದ್ದೆ. ಮೀನಖಂಡ ಹಿಡಿದುಕೊಂಡಿತು, ಮತ್ತೆ ಕೆರೆಗೆ ಹೋದೆ. ಕೆರೆ ಬೇಜಾರಾಯಿತು, ಮತ್ತೆ ಜಿಮ್ಮಿಗೆ. ಕೆಲವು ವಾರ ಎರಡೂ ಇಲ್ಲ. ಯಾವುದರಲ್ಲಿ ಬೇಗ ಕರಗುತ್ತೆ ಎಂದು ಸಿಕ್ಕಸಿಕ್ಕವರ ಜೊತೆ ವಾದ ಮಾಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

"ಇವತ್ತು ಹೋಗಿದ್ಯೇನೋ?" ಅಂತ ಅಮ್ಮ ಕೇಳಿದರೆ, "ತಲೆ ತಿನ್ಬೇಡಮ್ಮ" ಎಂದು ರೇಗುತ್ತಿದ್ದೆ. ರಾತ್ರಿ ನಾನು ಕೆಲಸದಿಂದ ಬಂದು ಅವಳನ್ನು ಊಟಕ್ಕೆ ಕರೆದರೆ "ನಂದಾಯ್ತು" ಅನ್ನುತ್ತಿದ್ದಳು. ಅವಳ ತಟ್ಟೆ ಪಾತ್ರೆ ಸ್ಟ್ಯಾಂಡಿನಲ್ಲಿ ಬೋರಲಾಗಿರುತ್ತಿತ್ತು. ಊಟ ಮುಗಿಸಿ ತೊಳೆದಿಟ್ಟಿದ್ದಾಳೆ ಅಂದುಕೊಳ್ಳುತ್ತಿದ್ದೆ.

ಮೂರು ತಿಂಗಳಾದ ಮೇಲೆ ಡಾಕ್ಟರ ಬಳಿ ಹೋದಾಗ ಅಮ್ಮನೂ ಜೊತೆಗೆ ಬಂದಳು. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತುಬಿಟ್ಟಳು. ಡಾಕ್ಟರು ಮೊದಲು ಅವಳ ತೂಕವನ್ನೇ ನೋಡಿದರು. ಹಿಂದಿನ ಸಲಕ್ಕಿಂತ ಏಳು ಕೇಜಿ ಕಮ್ಮಿ. ಆಮೇಲೆ ನಾನು ಹತ್ತಿದೆ, ಒಂದು ಕೇಜಿ ಜಾಸ್ತಿ!

ಡಾಕ್ಟರು ಗದರಿಸಿದ ಮೇಲೆ ಅಮ್ಮ ಬಾಯಿ ಬಿಟ್ಟಳು. ಹರಕೆ ಹೊತ್ತಿದ್ದಾಳೆ. ಬೆಳಿಗ್ಗೆ ದೇವಸ್ಥಾನದಲ್ಲಿ ಹೆಜ್ಜೆ ನಮಸ್ಕಾರ, ಅಂದರೆ ಹಿಂದಿನ ಕಾಲಿನ ಬೆರಳಿಗೆ ಮುಂದಿನ ಕಾಲಿನ ಹಿಮ್ಮಡಿ ತಾಗಿಸುತ್ತ ಪ್ರದಕ್ಷಿಣೆ. ರಾತ್ರಿ ಉಪವಾಸ. ನನ್ನ ತೂಕ ಇಳಿಯುವವರೆಗೆ.

"ಹುಚ್ಚೇನಮ್ಮ ನಿಂಗೆ? ನೀನು ಉಪವಾಸ ಇದ್ರೆ ನನ್ ಬೊಜ್ಜು ಕರಗುತ್ತಾ?" ಎಂದು ಅಲ್ಲೇ ಕೂಗಾಡಿದೆ.

"ನೀನು ಒಂದ್ ಕಡೆ ನಿಲ್ಲೋನಲ್ಲ. ಯಾರಾದ್ರೂ ಮಾಡ್ಬೇಕಲ್ಲ" ಅಂದಳು. "ಇನ್ನೊಂದ್ ಕಾಲು ತೊಳ್ಯೋಕೆ ನನ್ ಕೈಲಿ ಆಗಲ್ಲ ಕಣೋ."

ಏನಾದರೂ ಹೇಳಬೇಕಲ್ಲ ಅಂತ, "ಡಾಕ್ಟ್ರೇ, ಓಡೋದು ಒಳ್ಳೇದಾ, ನಡ್ಯೋದಾ?" ಎಂದು ಕೇಳಿದೆ.

"ಎರಡೂ ಆಗುತ್ತೆ ಕಣ್ರೀ" ಅಂದರು. "ನೀವು ಎರಡನ್ನೂ ಮಾಡ್ತಿಲ್ಲ."

ಮನೆಗೆ ಬಂದು ಅಮ್ಮನ ಕೈಕಾಲು ಹಿಡಿದೆ. ದೇವರಿಗೆ ಕೊಟ್ಟ ಮಾತನ್ನು ಅವಳು ಸಡಿಲಿಸಿದ್ದು ಇಷ್ಟೇ: ನಾನು ಕೆರೆ ಸುತ್ತಿ ಬಂದ ದಿನ ಅವಳೂ ಉಣ್ಣುತ್ತಾಳೆ. ಹೋಗದಿದ್ದ ದಿನ ಇಲ್ಲ. ಅಲ್ಲಿಂದ ದಿನಾ ಸಂಜೆ ನಡೆದೆ. ನೆಮ್ಮದಿಯಾಗಿ ನಡೆದೆ ಅಂದರೆ ಸುಳ್ಳಾದೀತು, ಹಲ್ಲು ಕಚ್ಚಿಕೊಂಡು, ಗಡಿಯಾರ ನೋಡಿಕೊಂಡು ನಡೆದೆ. ಕ್ರಮೇಣ ನನ್ನ ಮುಳ್ಳು ಕೆಳಗಿಳಿಯಿತು, ಅವಳದು ಮೇಲೇರಿತು.

ಒಂದು ಸಂಜೆ ಆಫೀಸಿನಲ್ಲಿ ಜಗಳವಾಡಿ, ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆಂದು, ಸೀದಾ ಮನೆಗೆ ಬಂದು ಬಿದ್ದುಕೊಂಡೆ. ಹೊರಗೆ ಮಳೆ. ಅಮ್ಮ ನನಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅವಳ ತಟ್ಟೆ ಸ್ಟ್ಯಾಂಡಿನಲ್ಲಿ ಬೋರಲಾಗಿಯೇ ಇತ್ತು.

ತುತ್ತು ಮುರಿಯಲಾಗಲಿಲ್ಲ. "ಥೂ!" ಎಂದು ಎದ್ದು ಒದ್ದೆ ಶೂಗೆ ಕಾಲು ತುರುಕಿದೆ. "ಕೊಡೆ ತಗೊಂಡ್ ಹೋಗೋ" ಅಂದಳು. ಇವತ್ತು ಬೇಡ ಬಿಡು ಅನ್ನಲಿಲ್ಲ.

ತೊಯ್ದು ತೊಪ್ಪೆಯಾಗಿ ಬಂದಾಗ ಎರಡು ತಟ್ಟೆಗಳು ಎದುರುಬದುರಾಗಿದ್ದವು. ಅಮ್ಮ ನನ್ನನ್ನು ಹೊಸ್ತಿಲ ಹತ್ತಿರ ಕೂರಿಸಿ, ಟವೆಲಿನಿಂದ ಪಾದ ಒರೆಸಿದಳು. ಒಂದೊಂದೇ ಬೆರಳನ್ನು ಬಿಡಿಸಿ, ಸಂದಿಯಲ್ಲೂ ಒರೆಸಿದಳು. ಹೆಬ್ಬೆರಳನ್ನು ದೀಪದ ಕಡೆಗೆ ತಿರುಗಿಸಿ ನೋಡಿದಳು. ಆಮೇಲೆ ಕೈ ತೊಳೆದುಕೊಂಡು ಊಟಕ್ಕೆ ಕೂತಳು.