ಮಾರೆಪ್ಪ ಎರವಲು ಕೊಟ್ಟ ಸಮಾಧಿ

ಹೊಸ ಗುಣಿ ತೋಡುವ ಮುಂಚೆ ಮಾರೆಪ್ಪ ಅಕ್ಕಪಕ್ಕದಲ್ಲಿ ಮಣ್ಣಾದವರಿಗೆ ಹೇಳುತ್ತಿದ್ದ: "ಅಣ್ಣಾರ, ಒಂಚೂರು ಸರಕೊಳ್ರಿ. ನಿಮ್ಮ ಊರವ್ರು ಬಂದಾರ." ರೈಲಿನಲ್ಲಿ ಕೂತವರನ್ನು ಸರಿಸಿ ಜಾಗ ಕೊಡಿಸುವವನಂತೆ. ಹೆಣ ಹೊತ್ತು ತಂದವರು ಅಳು ಮರೆತು ನಗುತ್ತಿದ್ದರು. ಅವನು ಮಾತ್ರ ನಗುತ್ತಿರಲಿಲ್ಲ. ಉತ್ತರಕ್ಕೆ ಕಾಯುವವನಂತೆ ಸ್ವಲ್ಪ ನಿಂತು, ಆಮೇಲೆ ಗುದ್ದಲಿ ಎತ್ತುತ್ತಿದ್ದ.

ರಾಯದುರ್ಗದ ಬೆಟ್ಟದ ಬುಡದ ಮಸಣ ಅವನ ಸುಪರ್ದಿಯಲ್ಲಿತ್ತು. ಆಗ ನಮ್ಮದು ಬಳ್ಳಾರಿ ಜಿಲ್ಲೆ, ಮದರಾಸು ಸರ್ಕಾರ. ಸರ್ಕಾರದ ಯಾವ ದಫ್ತರದಲ್ಲೂ ಇಲ್ಲದ ವಿವರ ಮಾರೆಪ್ಪನ ಕಾಲುಗಳಲ್ಲಿತ್ತು. ಸತ್ತವರ ಹೆಸರು ಹೇಳಿದರೆ ಸಾಕು, ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಎಣಿಸುತ್ತ ಹೋಗಿ, "ಇಲ್ಲೇ ಅದಾರ. ತಲಿ ಈ ಕಡಿ, ಕಾಲು ಆ ಕಡಿ" ಎನ್ನುತ್ತಿದ್ದ. ಅವನ ಅಪ್ಪ, ಅಜ್ಜ ಮಣ್ಣು ಮಾಡಿದವರ ಹೆಜ್ಜೆಗಳೂ ಅವನಿಗೆ ಬಾಯಿಪಾಠ. ಕಣೇಕಲ್ಲಿನಿಂದಲೂ ಜನ ತಮ್ಮ ಹಿರಿಯರನ್ನು ಹುಡುಕಿಕೊಂಡು ಅವನಲ್ಲಿಗೆ ಬರುತ್ತಿದ್ದರು.

ನಾನೂ ಹೋದೆ. ಅಲ್ಲಿಂದ ನನ್ನ ಪಾಪ ಶುರುವಾಯಿತು.

ಹೈಸ್ಕೂಲು ಮುಗಿಸಿ ತಾಲೂಕು ಕಚೇರಿಯಲ್ಲಿ ನಕಲು ಬರೆಯುತ್ತಿದ್ದೆ. ಮಡಕಶಿರಾ ಕಡೆಯ ದೊಡ್ಡ ಮನೆಯೊಂದರಿಂದ ಹೆಣ್ಣು ಗೊತ್ತಾಗುವುದರಲ್ಲಿತ್ತು. ನಮ್ಮ ದೊಡ್ಡಪ್ಪ ಹೆಣ್ಣಿನ ತಂದೆಯ ಮುಂದೆ, ನಮ್ಮ ಮುತ್ತಜ್ಜ ಕೋಟೆಯ ಸೈನ್ಯ ನಡೆಸಿದ ದಳವಾಯಿ ಎಂದು ಹೇಳಿಬಿಟ್ಟರು. ಆತ, "ಸಂತೋಸ ಕಣಪ್ಪ. ಸೋಮ್ವಾರ ಬತ್ತೀವಿ. ದಳವಾಯಿಗಳ ಸಮಾದಿಗೆ ಒಂದು ಕಾಯಿ ಒಡ್ದು, ಆಮೇಲೆ ತಾಂಬೂಲ ಬದಲಾಯಿಸಾನ" ಅಂದರು.

ಮುತ್ತಜ್ಜನ ಹೆಸರು ಕೇಳಿದ ಮಾರೆಪ್ಪ ಬೇವಿನ ಮರದಿಂದ ಹೊರಟ. ಕಲ್ಲು ಕಟ್ಟಿದ ಒಂದೊಂದು ಸಮಾಧಿಯ ಬಳಿ ಬಂದಾಗಲೂ ನನ್ನ ಎದೆ ಉಬ್ಬುತ್ತಿತ್ತು. ಅವನು ಎಲ್ಲವನ್ನೂ ದಾಟಿ ಕತ್ತಾಳೆ ಬೇಲಿಯ ಮೂಲೆಗೆ ಹೋಗಿ ನಿಂತ. ಅಲ್ಲಿ ಮುಳ್ಳು ಬಿಟ್ಟರೆ ಏನೂ ಇರಲಿಲ್ಲ. "ಇಲ್ಲೇ ಅದಾರ್ರಿ. ಸೂಜಿ ದಾರ ಮಾರ್ಕೋತ ಈ ಊರಿಗೆ ಬಂದವ್ರಂತ. ಕಾಲರಾದಾಗ ಹೋದ್ರು. ನಮ್ಮಜ್ಜನೇ ಮಣ್ಣು ಮಾಡ್ಯಾನ."

ಮನೆಗೆ ಬಂದು ಹೇಳಿದಾಗ ದೊಡ್ಡಪ್ಪ ಕೆಂಡವಾದರು. "ಹಿರೇರನ್ನ ಹುಡುಕಂತ ಕಳಿಸಿದ್ರ ಸೂಜಿ ಮಾರೋನ್ನ ಹುಡುಕ್ಕೊಂಡು ಬಂದೀಯೇನಲೇ! ಬ್ಯಾರೆ ಯಾರನ್ನರ ನೋಡು!"

ಬೇರೆ ಒಳ್ಳೆಯ ಸಮಾಧಿಗಳಿಗೆಲ್ಲ ಜಗಳಕ್ಕೆ ಬರುವ ಮನೆಯವರಿದ್ದರು. ಉಳಿದದ್ದು ಒಂದೇ, ಬೇವಿನ ಮರದ ಕೆಳಗೆ ವಾರವಾರವೂ ಸುಣ್ಣ ಕಾಣುತ್ತಿದ್ದ ಕಟ್ಟೆ. ಅದು ಮಾರೆಪ್ಪನ ಹೆಂಡತಿ ಹುಲಿಗೆಮ್ಮನದು.

ಒಂದು ದಿನದ ಮಟ್ಟಿಗೆ ಎರವಲು ಕೇಳಿದೆ. ಪಕ್ಕದ ಮನೆಯಲ್ಲಿ ಜಮಖಾನೆ ಕೇಳುವಂತೆ ಕೇಳಿದೆ. ಅವನು ಕಟ್ಟೆಯ ಮೇಲೆ ಉದುರಿದ್ದ ಬೇವಿನ ಎಲೆಗಳನ್ನು ಕೈಯಿಂದ ಸವರಿ ತೆಗೆದ.

"ಜೀವ ಇದ್ದಾಗ ಆಕಿಗೆ ಯಾರೂ ಕೈ ಮುಗೀಲಿಲ್ಲ. ಮುಗೀಲಿ ಬಿಡ್ರಿ ಗುಮಾಸ್ತರ. ಆದ್ರ ಸೋಮಾರ ಸಂಜಿಗೆ ನಮ್ಮಾಕಿನ್ನ ನನಗ ವಾಪಸ್ ಕೊಡ್ರಿ. ಆಕಿ ಮಗ್ಗಲಾಗ ನನ್ನ ಜಾಗ ಐತಿ."

ಸೋಮವಾರ ಮಾವನವರು ಕಾಯಿ ಒಡೆದು ಉದ್ದಕ್ಕೆ ಅಡ್ಡಬಿದ್ದರು. ಎದ್ದು ತೋಳು ತೋರಿಸಿದರು. "ಮೈ ಜುಂ ಅಂತೈತೆ ಕಣಪ್ಪ! ಎಂಥಾ ಗಂಡ್ಸು ಮಲಗವ್ನೆ ಇಲ್ಲಿ!"

ಮಾರೆಪ್ಪ ಕೈಕಟ್ಟಿ ನಿಂತಿದ್ದ. "ಹೌದ್ರಿ. ಭಾಳ ಗಟ್ಟಿ ಜೀವ. ಸಿಟ್ಟು ಬಂತಂದ್ರ ಇಡೀ ಓಣಿ ಖಾಲಿ ಆಗ್ತಿತ್ರಿ."

"ದಳವಾಯಿ ಅಂದ್ಮೇಲೆ ಅಂಗೇ ಇರ್ಬೇಕು!"

ಆ ಭಕ್ತಿಯೇ ನಮಗೆ ಮುಳುವಾಯಿತು. ಮದುವೆಯ ಉಡುಗೊರೆಯೆಂದು ಮಾವನವರು ಮಗ್ಗುಲ ಖಾಲಿ ಜಾಗವನ್ನೂ ಸೇರಿಸಿ ಕಟ್ಟೆಯ ಸುತ್ತ ಕಲ್ಲುಚಪ್ಪಡಿ ನಿಲ್ಲಿಸಿದರು, ಹೆಸರಿನ ಕಲ್ಲು ಹಾಕಿಸಿದರು. ಕಲ್ಲುಕುಟಿಗನಿಗೆ ಅಕ್ಷರ ಬರೆದುಕೊಟ್ಟವನು ನಾನೇ; ಕಚೇರಿಯಲ್ಲಿ ನನ್ನ ಬರಹ ಚೆಂದವೆಂದು ಹೆಸರಿತ್ತು. ವರ್ಷವರ್ಷ ನಮ್ಮ ಮನೆಯವರೆಲ್ಲ ಹೋಗಿ ಹುಲಿಗೆಮ್ಮನಿಗೆ ಅಡ್ಡಬಿದ್ದು, ದಳವಾಯಿಗಳಂಥ ಗಂಡುಮಕ್ಕಳನ್ನು ಬೇಡಿಕೊಂಡು ಬರುತ್ತಿದ್ದೆವು. ಮಾರೆಪ್ಪ ಚಪ್ಪಡಿಯ ಹೊರಗಿನಿಂದಲೇ ಕೈ ಚಾಚಿ ಸುಣ್ಣ ಬಳಿಯುತ್ತಿದ್ದ. ನಮ್ಮವರು ಅವನ ನಿಷ್ಠೆಯನ್ನು ಹೊಗಳುತ್ತಿದ್ದರು.

ಪೇಟೆಯಲ್ಲಿ ಎದುರಾದಾಗಲೆಲ್ಲ ಅವನು ಕೇಳುತ್ತಿದ್ದುದು ಒಂದೇ ಮಾತು: "ಗುಮಾಸ್ತರ, ಸೋಮಾರ ಸಂಜಿ ಆತೇನ್ರಿ?" ನಾನು ನಕ್ಕು ತಲೆ ತಪ್ಪಿಸಿಕೊಳ್ಳುತ್ತಿದ್ದೆ. ಕೊನೆಯ ಸಲ ನೋಡಿದಾಗ ಬೇವಿನ ಮರದ ಹತ್ತಿರದ ತನ್ನ ಗುಡಿಸಲಿನ ಮುಂದೆ ಚಾಪೆಯ ಮೇಲೆ ಬಿದ್ದುಕೊಂಡಿದ್ದ, ಕಾಲು ಬಾತಿದ್ದವು. "ಹೆಜ್ಜಿ ಎಣಸಾಕ ಆಗವಲ್ದು. ಆದ್ರ ಇಲ್ಲಿಂದ ಆಕಿ ಹತ್ರ ನಾಕೇ ಹೆಜ್ಜಿ. ಅಷ್ಟು ಮಾಡಿಸಿಕೊಡ್ರಿ" ಅಂದ. ಆಗಲಿ ಅಂದೆ.

ಅವನು ಹೋದ ದಿನ ಅವನ ಅಕ್ಕನ ಮಗ ಬಂದು ನಮ್ಮ ಜಗುಲಿಯ ಕೆಳಗೆ ನಿಂತು ಜಾಗ ಕೇಳಿದ. ಒಳಗೆ ಮಾವನವರು ಊಟಕ್ಕೆ ಕೂತಿದ್ದರು. "ಅದು ನಮ್ಮ ಹಿರಿಯರ ಜಾಗ. ಅಲ್ಲಿ ಬೇರೆಯವರನ್ನು ಹೇಗೆ ಇಡೋದು?" ಎಂದು ಅವರಿಗೆ ಕೇಳಿಸುವಂತೆ ನಾನೇ ಹೇಳಿದೆ. ಮಾರೆಪ್ಪನನ್ನು ಬೇಲಿಯ ಮೂಲೆಯಲ್ಲಿ, ನಮ್ಮ ಸೂಜಿ ದಾರದ ಮುತ್ತಜ್ಜನ ಪಕ್ಕದಲ್ಲಿ ಮಣ್ಣು ಮಾಡಿದರು.

ಈಗ ದೊಡ್ಡಪ್ಪ ಇಲ್ಲ, ಮಾವನವರೂ ಇಲ್ಲ. ಮಕ್ಕಳಿಗೆ ಎಲ್ಲವನ್ನೂ ಹೇಳಿದೆ, ನನ್ನನ್ನು ಬೇಲಿಯ ಮೂಲೆಗೆ ಹಾಕಿ ಅಂದೆ. ಹಿರಿಯವನು ನಕ್ಕುಬಿಟ್ಟ. "ಅಪ್ಪಾ, ವಯಸ್ಸಾತು ನಿನಗ. ದಳವಾಯಿಗಳ ಮಗ್ಗಲಾಗ ನಿನಗಂತಲೇ ಜಾಗ ಬಿಟ್ಟೀವಿ."

ಅದು ಯಾರಿಗೆ ಬಿಟ್ಟ ಜಾಗವೆಂದು ನನಗೆ ಗೊತ್ತು. ಅಲ್ಲಿಗೆ ನನ್ನನ್ನು ಹೊತ್ತುಕೊಂಡು ಹೋದ ದಿನ, "ಒಂಚೂರು ಸರಕೊಳ್ಳವ್ವಾ" ಎಂದು ಹುಲಿಗೆಮ್ಮನಿಗೆ ಹೇಳಲು ಮಾರೆಪ್ಪ ಇರುವುದಿಲ್ಲ. ಇದ್ದು ಹೇಳಿದರೂ, ಅವಳು ಯಾಕೆ ಸರಿಯಬೇಕು?