ವೈಫೈ ಮಾತ್ರ

ತಂಪೆರೆ ಎಂಬ ಚಳಿಯ ಊರಿನ ಒಂದು ಪುಟ್ಟ ಫೋನ್ ಕಂಪನಿಯಲ್ಲಿ ಆರ್ವಿಯ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಫೋನಿನೊಳಗಿನ ಒಂದೊಂದು ಆ್ಯಪ್ ಕೂಡ ಲಿನಕ್ಸ್‌ನ ಕನೆಕ್ಷನ್ ಮ್ಯಾನೇಜರ್ ಎಂಬ ಕಾವಲು ತಂತ್ರಾಂಶದ ಮುಂದೆ ನಿಂತು ತನಗೊಂದು ಸೆಷನ್, ಅಂದರೆ ಇಂಟರ್ನೆಟ್ ಸಂಪರ್ಕ, ಬೇಕೆಂದು ಕೇಳಬೇಕು. ಯಾರಿಗೆ ವೈಫೈ, ಯಾರಿಗೆ ಮೊಬೈಲ್ ಡೇಟಾ, ಯಾರು ಸುಮ್ಮನೆ ಕಾಯಬೇಕು ಎಂಬ ನಿಯಮ ಬರೆಯುವವನು ಆರ್ವಿ. ಎಲ್ಲ ಸರಿಯಾಗಿದ್ದರೆ ಅವನೊಬ್ಬ ಇದ್ದಾನೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟರೆ ಮಾತ್ರ ಅವನ ಹೆಸರು ಎಲ್ಲರಿಗೂ ಬಾಯಿಪಾಠ.

ಆ ಕಡೆ ಹೊಗಳಿಕೆಗೆ ಮೊದಲೇ ಬರ. ಮೇಲಧಿಕಾರಿ ಹಿಲ್ಕಾ ಬೈಯಲಿಲ್ಲವೆಂದರೆ ಅದೇ ಬಹುಮಾನ. ತೀರಾ ಖುಷಿಯಾದರೆ "ಪರವಾಗಿಲ್ಲ" ಅನ್ನುತ್ತಾಳೆ. ಆರ್ವಿ ಆ ಪರವಾಗಿಲ್ಲದಲ್ಲೇ ತಲೆ ನರೆಸಿಕೊಂಡವನು. ಹೀಗಿರುವಾಗ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಸೆವೆರಿ ಒಂದು ಹಾಡಿನ ಆ್ಯಪ್ ಮಾಡಿ ತೋರಿಸಿದ. ಹಿಲ್ಕಾ ಕಾಫಿ ಲೋಟ ಕೆಳಗಿಟ್ಟು, ಎಲ್ಲರೆದುರು, "ಚೆನ್ನಾಗಿದೆ ಕಣೋ" ಅಂದುಬಿಟ್ಟಳು.

ಆರ್ವಿಯ ಹೊಟ್ಟೆಗೆ ಬೆಂಕಿ ಬಿತ್ತು. ಹಾಡುವುದು ಆ ಹುಡುಗನ ಆ್ಯಪ್ ಇರಬಹುದು, ಅದಕ್ಕೆ ಉಸಿರು ಕೊಡುವವನು ಯಾರು? ತಿನ್ನುತ್ತಿದ್ದ ಬನ್ನನ್ನು ಅಲ್ಲೇ ಬಿಟ್ಟ. ನೇರ ತನ್ನ ಮೇಜಿಗೆ ಹೋಗಿ ಸೆವೆರಿಯ ಆ್ಯಪ್‌ಗಿದ್ದ ನಿಯಮದಲ್ಲಿ ಒಂದು ಸಾಲು ಬದಲಿಸಿದ: ವೈಫೈ ಮಾತ್ರ. ಯಾರಾದರೂ ಕೇಳಿದರೆ ಗ್ರಾಹಕರ ಡೇಟಾ ಉಳಿಸಿದೆ ಅನ್ನಬಹುದು. ಹೊಟ್ಟೆಕಿಚ್ಚಿಗೆ ಒಂದು ಸಭ್ಯ ಹೆಸರು ಸಿಕ್ಕಿತ್ತು.

ಶುಕ್ರವಾರ ಸರೋವರದ ದಂಡೆಯಲ್ಲಿ ಆಫೀಸಿನವರ ಸೌನಾ, ಅಂದರೆ ಹಬೆಸ್ನಾನದ ಕೂಟ. ಹಿಲ್ಕಾ ಫೋನಿನಲ್ಲಿ ಹಾಡು ಹಚ್ಚಿಕೊಂಡೇ ಹೊರಟಳು. ಕಟ್ಟಡದ ಬಾಗಿಲು ದಾಟಿ ವೈಫೈ ಬಿಟ್ಟದ್ದೇ ತಡ, ಹಾಡು ಗಪ್‌ಚಿಪ್. ಸದ್ದಿಲ್ಲದೆ ಮೊಬೈಲ್ ಡೇಟಾಗೆ ದಾಟಿಕೊಳ್ಳಬೇಕಿತ್ತು, ದಾಟಲಿಲ್ಲ.

"ಏನೋ ಸೆವೆರಿ, ನಿನ್ನ ಹಾಡಿಗೆ ಹೊರಗಿನ ಚಳಿ ಆಗ್ಬರಲ್ವೇನೋ?" ಅಂದಳು ಹಿಲ್ಕಾ. ಎಲ್ಲರೂ ನಕ್ಕರು.

ಸೆವೆರಿ ಫೋನ್ ಇಸಿದುಕೊಂಡು ಅದರೊಳಗಿನ ನಿಯಮಗಳನ್ನು ತಡಕಾಡಿದ. ನೋಡುತ್ತ ನೋಡುತ್ತ ಅವನ ಮುಖ ಕೆಂಪಾಯಿತು. ಆರ್ವಿಯ ಕಡೆ ಒಮ್ಮೆ ಕಣ್ಣೆತ್ತಿ, "ನನ್ನದೇ ತಪ್ಪು. ಮೊಬೈಲ್ ಡೇಟಾನೂ ಬೇಕು ಅಂತ ಕೇಳೋದನ್ನೇ ಮರ್ತಿದ್ದೆ" ಅಂದ.

ಸೌನಾದಲ್ಲಿ ಇಬ್ಬರೂ ಒಂದೇ ಹಲಗೆಯ ಮೇಲೆ ಬೆವರುತ್ತ ಕೂತರು. ಸೆವೆರಿ ಕಾದ ಕಲ್ಲಿಗೆ ನೀರೆರಚಿದ.

"ಆ ಸಾಲು ನೋಡ್ದೆ, ಆರ್ವಿ. ಬದಲಾಯಿಸಿದವರ ಹೆಸರೂ ಪಕ್ಕದಲ್ಲೇ ಇತ್ತು."

"ಮತ್ತೆ ಯಾಕೋ ಹೇಳ್ಲಿಲ್ಲ?"

"ಹೋಗ್ಲಿ ಬಿಡು ಮಾರಾಯ. ಸೌನಾ ದಿನ ಜಗಳ ಯಾಕೆ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆರ್ವಿಗೆ ಅವನ ಒಳ್ಳೆಯತನವನ್ನೂ ಸಹಿಸಲಾಗಲಿಲ್ಲ.

ಹೊರಗೆ ಬೆಂಕಿಯ ಮೇಲೆ ಸಾಸೇಜ್ ಬೇಯುತ್ತಿತ್ತು. ಹಿಲ್ಕಾ ಒಂದಕ್ಕೆ ಸಾಸಿವೆ ಹಚ್ಚಿ ಸೆವೆರಿಯ ಕೈಗಿತ್ತು, "ಎಲ್ಲರೆದುರು ತಪ್ಪು ಒಪ್ಪಿಕೊಳ್ಳೋಕೆ ಗುಂಡಿಗೆ ಬೇಕು. ನಂಗೆ ಹಿಡಿಸ್ತು" ಅಂದಳು.

ಆರ್ವಿಗೆ ತಡೆಯಲಾಗಲಿಲ್ಲ. "ಅದು ಅವನ ತಪ್ಪಲ್ಲ! ನನ್ನದು! ನಾನೇ ಬೇಕಂತ ಮಾಡಿದ್ದು!" ಎಂದು ಕೂಗಿದ. ಪ್ರಾಮಾಣಿಕತೆ ಉಕ್ಕಿ ಬಂದದ್ದೇನಲ್ಲ. ತನ್ನ ತಪ್ಪಿಗೂ ಅವನಿಗೇ ಶಹಬ್ಬಾಸ್‌ಗಿರಿ ಸಿಗುವುದನ್ನು ನೋಡಲಾಗದ ಸಂಕಟ ಅದು.

ಹಿಲ್ಕಾ ಅವನನ್ನು ದಿಟ್ಟಿಸಿದಳು. ದನಿ ಏರಿಸಲಿಲ್ಲ.

"ಹಾಗಾದ್ರೆ ಸೋಮವಾರದಿಂದ ನಿಯಮಗಳನ್ನ ಸೆವೆರಿ ಬರೀಲಿ."

"ಅಯ್ಯೋ, ನಂಗೆ ಅದರ ಗಂಧಗಾಳಿ ಗೊತ್ತಿಲ್ಲ!" ಎಂದು ಸೆವೆರಿ ಗಾಬರಿಯಾದ.

"ಆರ್ವಿ ಹೇಳಿಕೊಡ್ತಾನೆ. ಅದನ್ನ ಅವನಷ್ಟು ಬಲ್ಲವರು ಈ ಊರಲ್ಲೇ ಇಲ್ಲ."

ಅಷ್ಟು ವರ್ಷ ಕಾದಿದ್ದ ಹೊಗಳಿಕೆ ಕೊನೆಗೂ ಆರ್ವಿಗೆ ಸಿಕ್ಕಿತು.